ಲಾರಿಗೆ ಜಾತಿ ಇಲ್ಲ, ರಸ್ತೆಗೆ ಇದೆ

ಪೋಸ್ಟ್ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ. ಶಿಕಾರಿಪುರ, ಸೊರಬ ಕಡೆಯವರು ಕೊನೆ ತನಕ ಓದಲೇಬೇಕು. ಕೊನೇಲಿ ಒಂದು ಕೆಲಸ ಇದೆ.

"ಲಾರಿಗೆ ಜಾತಿ ಗೊತ್ತಾ ಸಾರ್? ಎಲ್ಲದಕ್ಕೂ ಜಾತಿ ಎಳೀಬೇಡಿ." ರಸ್ತೆ ಅಪಘಾತದ ಮಾತು ಬಂದಾಗ ಕೇರಿ, ಕಾಲೋನಿ, ತಾಂಡಾ ಅಂತ ಬಾಯಿ ತೆಗೆದರೆ ಸಾಕು, ಈ ಪ್ರಶ್ನೆ ಎದುರು ನಿಲ್ಲುತ್ತೆ. ಕೇಳೋರು ಬಹಳ ಜಾಣ ಪ್ರಶ್ನೆ ಕೇಳಿದೆವು ಅಂದ್ಕೊಂಡಿರ್ತಾರೆ. ಇವತ್ತು ಉತ್ತರ ಕೊಡ್ತೀನಿ. ಲಾರಿಗೆ ಜಾತಿ ಗೊತ್ತಿಲ್ಲ, ಒಪ್ಪಿದೆ. ಆದರೆ ಲಾರಿ ಬರೋ ಹೊತ್ತಿಗೆ ರಸ್ತೆಯಲ್ಲಿ ಯಾರು ನಡೀತಿರ್ತಾರೆ, ಯಾರು ಗೂಡ್ಸ್ ಗಾಡಿಯ ಹಿಂದೆ ನಿಂತಿರ್ತಾರೆ, ಯಾರು ಕಾರೊಳಗೆ ಬೆಲ್ಟ್ ಹಾಕ್ಕೊಂಡು ಕೂತಿರ್ತಾರೆ ಅನ್ನೋದನ್ನ ತೀರ್ಮಾನ ಮಾಡಿದ್ದು ಯಾರು? ಲಾರಿ ಅಲ್ಲ.

ನಮ್ಮ ಚರಿತ್ರೆಯಲ್ಲೇ ಒಂದು ರಸ್ತೆ ಅಪಘಾತ ಇದೆ. 1929. ಬಾಂಬೆ ಸರ್ಕಾರ ಅಸ್ಪೃಶ್ಯರ ಮೇಲಿನ ದೌರ್ಜನ್ಯದ ವಿಚಾರಣೆಗೆ ನೇಮಿಸಿದ ಸಮಿತಿಯ ಸದಸ್ಯರಾಗಿ ಬಾಬಾಸಾಹೇಬರು ಖಾನದೇಶಕ್ಕೆ ಹೋಗಿದ್ದರು. ಚಾಳೀಸ್‌ಗಾಂವ್ ಸ್ಟೇಷನ್ನಿನಲ್ಲಿ ಇಳಿದಾಗ ಅವರನ್ನು ಮಹಾರವಾಡಕ್ಕೆ ಕರ್ಕೊಂಡು ಹೋಗೋಕೆ ಒಬ್ಬ ಟಾಂಗಾವಾಲನೂ ಒಪ್ಪಲಿಲ್ಲ. ಗಾಡಿ ಬಾಡಿಗೆಗೆ ಕೊಡ್ತೀವಿ, ಅಸ್ಪೃಶ್ಯನನ್ನು ಕೂರಿಸಿಕೊಂಡು ಹೊಡೆಯಲ್ಲ ಅಂದರು. ಕೊನೆಗೆ ಕೇರಿಯವರೇ ಒಬ್ಬರು ಲಗಾಮು ಹಿಡಿದರು. ಟಾಂಗಾ ಹೊಡೆದು ರೂಢಿ ಇಲ್ಲದವರು. ಹೊಳೆಯ ಮೋರಿ ಮೇಲೆ ಚಕ್ರ ಕಲ್ಲಿಗೆ ಸಿಕ್ಕಿಹಾಕಿಕೊಂಡಿತು, ಗಾಡಿ ಕುದುರೆ ಎರಡೂ ಕೆಳಗೆ ಬಿದ್ದವು, ಬಾಬಾಸಾಹೇಬರು ಕಲ್ಲುಹಾಸಿನ ಮೇಲೆ ಎಸೆಯಲ್ಪಟ್ಟು ಕಾಲು ಮುರಿದುಕೊಂಡರು. 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಅವರೇ ಇದನ್ನು ಬರೆದಿದ್ದಾರೆ.

ಇದನ್ನ ಇವತ್ತಿನ ಅಪಘಾತ ವರದಿಯ ಭಾಷೆಯಲ್ಲಿ ಬರೀರಿ ನೋಡೋಣ. ಕಾರಣ: ಚಾಲಕನ ಅಜಾಗರೂಕತೆ, ಅನುಭವದ ಕೊರತೆ. ಮುಗೀತು, ಫೈಲ್ ಕ್ಲೋಸ್. ಅನುಭವ ಇದ್ದ ಟಾಂಗಾವಾಲ ಯಾಕೆ ಗಾಡಿ ಹತ್ತಲಿಲ್ಲ ಅನ್ನೋದಕ್ಕೆ ಕಾಲಂ ಇಲ್ಲ. ಕುದುರೆಗೂ ಜಾತಿ ಗೊತ್ತಿರಲಿಲ್ಲ ಸ್ವಾಮಿ. ಆದರೂ ಕಾಲು ಮುರಿದದ್ದು ಜಾತಿಯಿಂದ.

ನನ್ನ ಇಡೀ ವಾದ ಇಷ್ಟೇ: ಆ ಕಾಲಂ ಇವತ್ತಿಗೂ ಇಲ್ಲ. ಎಣಿಸದೇ ಇರೋದರಿಂದಲೇ ನಮ್ಮ ಸಾವು ಬರೀ "ಅಪಘಾತ" ಆಗಿ ಉಳಿದಿದೆ.

ಲೆಕ್ಕ ನೋಡಿ. ಕೇಂದ್ರ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಕರ್ನಾಟಕದಲ್ಲೇ 11,702. ಸತ್ತವರಲ್ಲಿ ಸುಮಾರು 68% ಗ್ರಾಮೀಣ ಪ್ರದೇಶದಲ್ಲಿ ಸತ್ತವರು. ಪಾದಚಾರಿಗಳೇ 32 ಸಾವಿರಕ್ಕೂ ಹೆಚ್ಚು. ಆ ವರದಿಯಲ್ಲಿ ವಯಸ್ಸಿದೆ, ಗಂಡು ಹೆಣ್ಣು ಇದೆ, ಗಾಡಿ ಯಾವುದು, ರಸ್ತೆ ಯಾವುದು, ಮಳೆ ಬರ್ತಿತ್ತಾ ಬಿಸಿಲಿತ್ತಾ ಎಲ್ಲಾ ಇದೆ. ಹೆಲ್ಮೆಟ್ ಹಾಕಿದ್ರಾ ಇಲ್ವಾ ಇದೆ. ಸತ್ತವರ ಜಾತಿ ಇಲ್ಲ, ವರ್ಗ ಇಲ್ಲ, ಯಾವ ಥರದ ವಸತಿಯವರು ಅನ್ನೋದಿಲ್ಲ.

ಸರ್ಕಾರಕ್ಕೆ ಜಾತಿ ಎಣಿಸೋಕೆ ಬರಲ್ಲ ಅಂತೇನಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಪ್ರತಿ ಸಲ ಜೈಲಿನ ಅಂಕಿಅಂಶ ತರುವಾಗ ಪರಿಶಿಷ್ಟ ಜಾತಿ ಎಷ್ಟು, ಪಂಗಡ ಎಷ್ಟು ಅಂತ ಚೆನ್ನಾಗಿ ಎಣಿಸುತ್ತೆ. ಜೈಲಿಗೆ ಹೋದಾಗ ನಮಗೆ ಜಾತಿ ಇರುತ್ತೆ, ರಸ್ತೆಯಲ್ಲಿ ಸತ್ತಾಗ ಮಾತ್ರ "ಎಲ್ಲರೂ ಮನುಷ್ಯರೇ".

ಅದೂ ಎಣಿಸಿದವರ ಕತೆ ಮಾತ್ರ. 2016ರಲ್ಲಿ ಸತ್ತವರು ಸುಮಾರು 1.51 ಲಕ್ಷ ಅಂತ ಸರ್ಕಾರ ಹೇಳಿದರೆ, ವಿಶ್ವ ಆರೋಗ್ಯ ಸಂಸ್ಥೆ ಅದೇ ವರ್ಷಕ್ಕೆ ಹಾಕಿದ ಅಂದಾಜು ಸುಮಾರು 2.99 ಲಕ್ಷ. ದೆಹಲಿ ಐಐಟಿಯ ಪ್ರೊ. ದಿನೇಶ್ ಮೋಹನ್ ಬದುಕಿರೋ ತನಕ ಇದನ್ನೇ ಹೇಳ್ತಾ ಬಂದರು: ಪೊಲೀಸ್ ಲೆಕ್ಕದಲ್ಲಿ ನಡೆದು ಹೋಗುವವರ ಸಾವು ಕಡಿಮೆ ಕಾಣಿಸುತ್ತೆ. ಲೆಕ್ಕಕ್ಕೆ ಸಿಗದೆ ಹೋದವರು ಯಾರು ಅಂತ ನಿಮ್ಮ ನಿಮ್ಮ ಊರಿನ ಹೆಸರು ಹಾಕಿಕೊಂಡು ಯೋಚಿಸಿ.

ಇನ್ನು "ವರ್ತನೆ". ಪ್ರತಿ ಜನವರಿ ರಸ್ತೆ ಸುರಕ್ಷತಾ ಮಾಸ. ಜಾಥಾ, ಬ್ಯಾನರ್, ಶಾಲೆ ಮಕ್ಕಳ ಕೈಲಿ ಫಲಕ. ಹೆಲ್ಮೆಟ್ ಹಾಕಿ, ಬೆಲ್ಟ್ ಹಾಕಿ, ಮೊಬೈಲ್ ಬೇಡ. ಹಾಕಬೇಕು, ನಾನು ಬೇಡ ಅನ್ನಲ್ಲ. ನಮ್ಮ ಹುಡುಗರು ದಯವಿಟ್ಟು ಹೆಲ್ಮೆಟ್ ಹಾಕ್ರಪ್ಪ. ಆದರೆ ಒಮ್ಮೆ ಬೆಳಗ್ಗೆ ಆರೂವರೆಗೆ ಶಿರಾಳಕೊಪ್ಪದಲ್ಲೋ ಆನವಟ್ಟಿಯಲ್ಲೋ ಬಂದು ನಿಂತ್ಕೊಳ್ಳಿ. ಶುಂಠಿ ಕೀಳೋಕೆ, ನಾಟಿಗೆ, ಮೆಕ್ಕೆಜೋಳ ಮುರಿಯೋಕೆ, ಅಡಿಕೆ ಸುಲಿಯೋಕೆ ಹೊರಟ ಹೆಣ್ಣುಮಕ್ಕಳು ಪಿಕಪ್ಪಿನಲ್ಲಿ, ಟಾಟಾ ಏಸ್‌ನಲ್ಲಿ, ಟ್ರ್ಯಾಕ್ಟರ್ ಟ್ರೈಲರಿನಲ್ಲಿ ಕುರಿಗಳ ಥರ ಒತ್ತಿಕೊಂಡು ನಿಂತಿರ್ತಾರೆ. ಕಂಕುಳಲ್ಲಿ ಬುತ್ತಿ ಗಂಟು, ಒಂದು ಕೈ ಕಬ್ಬಿಣದ ಸರಳಿಗೆ. ಇಳಿಸಿ ಊರು ಕೇಳಿ, ಮನೆ ಎಲ್ಲಿ ಕೇಳಿ. ಮುಕ್ಕಾಲು ಪಾಲು ಉತ್ತರ ಕೇರಿ, ಕಾಲೋನಿ, ತಾಂಡಾ. ಇವರಿಗೆ ಯಾವ ಬೆಲ್ಟಿನ ಪಾಠ ಮಾಡ್ತೀರಿ? ಸೀಟೇ ಇಲ್ಲವಲ್ಲ!

"ಗೂಡ್ಸ್ ಗಾಡಿ ಹತ್ತೋದು ತಪ್ಪಲ್ವಾ, ಕಾನೂನು ಇದೆಯಲ್ಲ" ಅಂತೀರಿ. ಇದೆ. ಆ ಕಾನೂನು ಯಾರ ಕುತ್ತಿಗೆಗೆ ಬರುತ್ತೆ ಅನ್ನೋದನ್ನೂ ತಿಳ್ಕೊಳ್ಳಿ. ಸರಕು ಸಾಗಣೆ ವಾಹನದಲ್ಲಿ ಹಾಗೇ ಹತ್ತಿಸಿಕೊಂಡ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆಯಲ್ಲ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಸರಕಿನ ಮಾಲೀಕ ಜೊತೆಯಲ್ಲಿ ಕೂತಿದ್ದರೆ ವಿಮೆ ಉಂಟು. ಶುಂಠಿ ಮೂಟೆಯ ಧಣಿಗೆ ರಕ್ಷಣೆ ಇದೆ, ಶುಂಠಿ ಕೀಳೋಕೆ ಹೋದವಳಿಗೆ ಇಲ್ಲ. ಗಾಡಿ ಮಗುಚಿದರೆ ಕಂಪನಿ ಕೈ ತೊಳ್ಕೊಳ್ಳುತ್ತೆ, ಗಾಡಿ ಮಾಲೀಕ "ನನ್ನ ಹತ್ರ ಏನೈತಿ, ಬ್ಯಾಂಕಿನ ಸಾಲ ಐತಿ" ಅಂತಾನೆ, ತೋಟದ ಮಾಲೀಕ "ನಾನೇನು ಗಾಡಿ ಹತ್ತು ಅಂದಿದ್ನಾ" ಅಂತಾನೆ. ಎಷ್ಟೋ ಕುಟುಂಬ ವರ್ಷಗಟ್ಟಲೆ ಕೋರ್ಟ್ ಅಲೀತಾವೆ. 2019ರ ತಿದ್ದುಪಡಿ ಕ್ಲೇಮ್ ಅರ್ಜಿಗೆ ಆರು ತಿಂಗಳ ಗಡುವನ್ನೂ ತಂದಿಟ್ಟಿದೆ. ಆರು ತಿಂಗಳಲ್ಲಿ ನಮ್ಮವರು ತಿಥಿಯ ಸಾಲವನ್ನೇ ತೀರಿಸಿರಲ್ಲ.

ಬಸ್ಸಿಗೆ ಹೋಗಬಹುದಲ್ಲ? 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು, ಒಳ್ಳೇದಾಯ್ತು, ಅದನ್ನ ಯಾರೂ ಅಲ್ಲಗಳೆಯೋಕಾಗಲ್ಲ. ಆದರೆ ಶಿವಮೊಗ್ಗ ಜಿಲ್ಲೆಯಲ್ಲಿ ಮೊದಲಿಂದಲೂ ಖಾಸಗಿ ಬಸ್ಸಿನ ಕಾರುಬಾರು. ಅದರಲ್ಲಿ ಶಕ್ತಿ ನಡೆಯಲ್ಲ. ಸರ್ಕಾರಿ ಬಸ್ಸು ಬಂದರೂ ಅದರ ಟೈಮಿಂಗ್ ಆಫೀಸಿಗೆ, ಕಾಲೇಜಿಗೆ ಹೊಂದೋ ಟೈಮಿಂಗ್. ಕೂಲಿಗೆ ಹೋಗೋರ ಹೊತ್ತಿಗೆ ಬಸ್ ಬಿಡಬೇಕು ಅಂತ ಯಾರಿಗೂ ಹೊಳೆದಿಲ್ಲ. ಪ್ರಯಾಣಿಕರ ವರ್ತನೆ ಬಗ್ಗೆ ಸಂಶೋಧನೆ ಮಾಡೋ ಮಹನೀಯರೇ, ಇದನ್ನ "ವರ್ತನೆ" ಅಂತೀರಾ? ಆಯ್ಕೆ ಇದ್ದವನದು ವರ್ತನೆ. ಆಯ್ಕೆ ಇಲ್ಲದವಳದು ಗತಿ.

ಈಗ ರಸ್ತೆಗೆ ಬನ್ನಿ. ಶಿವಮೊಗ್ಗದಿಂದ ಶಿಕಾರಿಪುರ, ಶಿರಾಳಕೊಪ್ಪ, ಆನವಟ್ಟಿ ದಾಟಿ ಹಾನಗಲ್ಲಿಗೆ ಹೋಗೋ ಹೆದ್ದಾರಿಯಲ್ಲಿ ಓಡಾಡಿ ನೋಡಿ. ನುಣ್ಣಗಿದೆ, ಗಾಡಿ ತೇಲ್ಕೊಂಡು ಹೋಗುತ್ತೆ. ಶಿಕಾರಿಪುರ ಒಬ್ಬ ಮುಖ್ಯಮಂತ್ರಿಯನ್ನ ಕೊಟ್ಟ ಊರು, ಸೊರಬ ಇನ್ನೊಬ್ಬರನ್ನ ಕೊಟ್ಟ ಊರು. ಯಡಿಯೂರಪ್ಪನವರ ಕಾಲ, ಬಂಗಾರಪ್ಪನವರ ಕಾಲ ಅಂತ ಜನ ಡಾಂಬರು ತೋರಿಸಿ ಹೇಳ್ತಾರೆ. ರಸ್ತೆ ಒಳ್ಳೇದಾದಷ್ಟೂ ಗಾಡಿಯ ವೇಗ ಏರುತ್ತೆ. ಆ ರಸ್ತೆಯ ಅಂಚಿಗೆ ಇರೋರು ಯಾರು? ಊರೊಳಗೆ ಜಾಗ ಕೊಡದೆ ಊರಾಚೆ ಇಟ್ಟ ಕೇರಿ. ಆಶ್ರಯ ಯೋಜನೆ ಅಂತ ರೋಡ್ ಪಕ್ಕದ ಗೋಮಾಳದಲ್ಲಿ ಹಂಚಿದ ಸೈಟು. ಮನೆ ಈ ಕಡೆ, ನೀರಿನ ಟ್ಯಾಂಕ್ ಆ ಕಡೆ. ಅಂಗನವಾಡಿ ಊರಲ್ಲಿ, ಮಗು ಕೇರಿಯಲ್ಲಿ, ನಡುವೆ ಹೆದ್ದಾರಿ. ನಮ್ಮಜ್ಜಂದಿರನ್ನ ಊರಿನಿಂದ ಆಚೆ ಇಟ್ಟ ಜಾತಿಯೇ ಇವತ್ತು ನಮ್ಮ ಮಕ್ಕಳನ್ನ ಲಾರಿಯ ದಾರಿಗೆ ತಂದು ನಿಲ್ಲಿಸಿದೆ. "ಲಾರಿಗೆ ಜಾತಿ ಗೊತ್ತಾ" ಅಂತ ಕೇಳಿದವರಿಗೆ ಇದು ಉತ್ತರ.

ಈ ದೇಶದ ರಸ್ತೆ ಶಾಸ್ತ್ರದಲ್ಲಿ ಎರಡು ಐನೂರು ಮೀಟರ್ ಇದೆ. ಎರಡೂ ನಮ್ಮ ವಿರುದ್ಧವೇ ಕೆಲಸ ಮಾಡ್ತಾವೆ.

ಮೊದಲನೇದು 'ಬ್ಲ್ಯಾಕ್ ಸ್ಪಾಟ್'. ಸಾರಿಗೆ ಸಚಿವಾಲಯದ ವ್ಯಾಖ್ಯೆ ಪ್ರಕಾರ ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಉದ್ದದ ತುಣುಕಿನಲ್ಲಿ ಮೂರು ವರ್ಷದಲ್ಲಿ ಸಾವು ಅಥವಾ ತೀವ್ರ ಗಾಯದ 5 ಅಪಘಾತ ಆಗಿರಬೇಕು, ಇಲ್ಲವೇ 10 ಜನ ಸತ್ತಿರಬೇಕು. ಆಗ ಅದು ಅಪಾಯದ ಜಾಗ. ನಾಲ್ಕು ಅಪಘಾತ ಆಗಿ ನಾಲ್ವರು ಸತ್ತಿದ್ದರೆ? ಕಾಯಬೇಕು. ಅಂದರೆ ಕೇರಿ ಮುಂದೆ ಹಂಪ್ಸ್ ಬೇಕು ಅಂದರೆ ಮೊದಲು ಹೆಣಗಳ ಕೋಟಾ ತುಂಬಬೇಕು. ಅದೂ ರಾಷ್ಟ್ರೀಯ ಹೆದ್ದಾರಿಗೆ ಮಾಡಿದ ಅಳತೆ. ನಮ್ಮ ತಾಲ್ಲೂಕಿನ ಒಳರಸ್ತೆಯಲ್ಲಿ ಇಲ್ಲೊಂದು ಅಲ್ಲೊಂದು ಚದುರಿ ಬೀಳೋ ಹೆಣ ಯಾವ ತುಣುಕಿನ ಲೆಕ್ಕಕ್ಕೂ ಬರಲ್ಲ.

ಎರಡನೇದು ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ. 2000ದ ಡಿಸೆಂಬರ್ 25ಕ್ಕೆ ಶುರುವಾಯ್ತು. ಅದರ ನಿಯಮದಲ್ಲಿ ಸರ್ವಋತು ರಸ್ತೆಯಿಂದ 500 ಮೀಟರ್ ಒಳಗಿದ್ದ ಜನವಸತಿ "ಸಂಪರ್ಕ ಹೊಂದಿದೆ" ಅಂತಲೇ ಲೆಕ್ಕ. ಊರಿಗೂ ಕೇರಿಗೂ ನಡುವೆ ಮಾಮೂಲಿಯಾಗಿ ಇರೋ ದೂರ ಎಷ್ಟು? ಮುನ್ನೂರು, ನಾನೂರು ಮೀಟರ್! ಊರ ಬಾಗಿಲಿಗೆ ಡಾಂಬರು ಬಂದರೆ ಕಾಗದದಲ್ಲಿ ನಮಗೂ ಬಂದ ಹಾಗೆ. ಮಳೆಗಾಲದಲ್ಲಿ ಬಸುರಿಯನ್ನ ಆ ನಾನೂರು ಮೀಟರ್ ಕೆಸರಲ್ಲಿ ಹೊತ್ಕೊಂಡು ಬರೋದು ಯಾರ ಲೆಕ್ಕದಲ್ಲೂ ಇಲ್ಲ. ಅಸ್ಪೃಶ್ಯತೆ ಅಳೆದಿಟ್ಟ ದೂರವನ್ನ ಎಂಜಿನಿಯರಿಂಗ್ "ಇದು ದೂರವೇ ಅಲ್ಲ" ಅಂತ ಅಳಿಸಿಹಾಕಿತು.

ನಕ್ಷೆಯ ವಿಚಾರಕ್ಕೆ ಬರ್ತೀನಿ. ಫೋನಲ್ಲಿ ಗೂಗಲ್ ಮ್ಯಾಪ್ ತೆಗೀರಿ. ಬಳ್ಳಿಗಾವಿಯ ಕೇದಾರೇಶ್ವರ ಸಿಗ್ತಾನೆ, ತಾಳಗುಂದದ ಶಾಸನದ ಕಂಬ ಸಿಗುತ್ತೆ, ಕೋಟಿಪುರದ ಕೈಟಭೇಶ್ವರ ಸಿಗ್ತಾನೆ. ಸೊರಬದ ಗುಡವಿಗೆ ಹಕ್ಕಿ ಬರೋ ಜಾಗ ಸಿಗುತ್ತೆ. ಸಿಗಲಿ, ನಮಗೂ ಹೆಮ್ಮೆ. ಈಗ ನಿಮ್ಮ ಕೇರಿ ಹುಡುಕಿ. ಎಷ್ಟು ಜನರಿಗೆ ಹೆಸರು ಸಿಕ್ಕಿತು, ಕಾಮೆಂಟಲ್ಲಿ ಬರೀರಿ. ಸಾವಿರ ವರ್ಷದ ಹಿಂದಿನ ಕಲ್ಲಿಗೆ ಪಿನ್ ಇದೆ, ಇವತ್ತು ಉಸಿರಾಡೋ ಇನ್ನೂರು ಮನೆಗೆ ಇಲ್ಲ.

ಆ ಮ್ಯಾಪಿನಲ್ಲಿ ಕೆಂಪು ಹಸಿರು ಗೆರೆ ಬರುತ್ತಲ್ಲ, ಅದು ಓಡಾಡೋ ಫೋನುಗಳಿಂದ ಬರೋ ಲೆಕ್ಕ. ಫೋನ್ ಇಲ್ಲದೆ ತಲೆ ಮೇಲೆ ಹುಲ್ಲಿನ ಹೊರೆ ಹೊತ್ತು ಹೋಗೋ ಅವ್ವ ಅದರಲ್ಲಿಲ್ಲ. ಅವಳು ನಡೆಯೋ ಕಾಲುದಾರಿ ಹೆದ್ದಾರಿಗೆ ಎಲ್ಲಿ ಬಂದು ಕೂಡುತ್ತೆ ಅನ್ನೋದು ಮ್ಯಾಪಿಗೆ ಗೊತ್ತಿಲ್ಲ. ಡ್ರೈವರಿಗೆ "ಮುಂದೆ ಜನ ದಾಟ್ತಾರೆ, ನಿಧಾನ" ಅಂತ ಯಾರು ಹೇಳಬೇಕು? ಅಪಘಾತ ಆದಮೇಲೆ ಆಂಬುಲೆನ್ಸಿಗೆ ಫೋನ್ ಮಾಡಿದರೆ "ಲೊಕೇಶನ್ ಹೇಳಿ" ಅಂತಾರೆ. ನಾವು ಹೇಳ್ತೀವಿ: "ಊರು ದಾಟಿ ಹುಣಸೇಮರ, ಅಲ್ಲಿಂದ ಎಡಕ್ಕೆ, ಎಕೆ ಕಾಲೋನಿ." ಹೆಸರಿಲ್ಲದ ಜಾಗದಲ್ಲಿ ರಕ್ತ ಬೇಗ ಖಾಲಿಯಾಗುತ್ತೆ.

ಹೆಸರು ಇದ್ದಲ್ಲೂ ಅದು ಜಾತಿಯದ್ದೇ ಹೆಸರು. ಮಹಾರಾಷ್ಟ್ರ ಸರ್ಕಾರ ಜಾತಿಸೂಚಕ ಬಡಾವಣೆ ಹೆಸರು ಬದಲಿಸೋ ತೀರ್ಮಾನ ಮಾಡಿದ್ದು 2020ರ ಡಿಸೆಂಬರಿನಲ್ಲಿ. ತಮಿಳುನಾಡು 2025ರ ಏಪ್ರಿಲಿನಲ್ಲಿ "ಕಾಲೋನಿ" ಅನ್ನೋ ಪದವನ್ನೇ ಸರ್ಕಾರಿ ದಾಖಲೆಯಿಂದ ತೆಗೀತೀವಿ ಅಂತ ಘೋಷಿಸಿತು. ಇಲ್ಲಿ ನಾವು ಇನ್ನೂ ಹುಣಸೇಮರದ ಎಡಕ್ಕೆ ನಿಂತಿದ್ದೀವಿ.

ತಂತ್ರಜ್ಞಾನ ಇಲ್ಲ ಅನ್ನೋ ನೆಪ ಬೇಡ. 2021ರಿಂದ ಅಪಘಾತದ ಸ್ಥಳಕ್ಕೆ ಹೋದ ಪೊಲೀಸರು ಮೊಬೈಲ್ ಆ್ಯಪಿನಲ್ಲಿ ಅಕ್ಷಾಂಶ ರೇಖಾಂಶ ಸಮೇತ ದಾಖಲು ಮಾಡ್ತಾರೆ. ಮದ್ರಾಸ್ ಐಐಟಿ ರೂಪಿಸಿದ ಆ ವ್ಯವಸ್ಥೆ ಈಗ ಇ-ಡಾರ್ ಅಂತ ನಡೀತಿದೆ. ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಹಾರಿಸಿ ಗ್ರಾಮಗಳ ಮನೆ ಅಳೀತಾರೆ. 2025ರ ಸಮೀಕ್ಷೆಗೆ ಕರೆಂಟ್ ಮೀಟರಿನ ಆರ್‌ಆರ್ ನಂಬರ್ ಹಿಡಿದು ಮನೆ ಮನೆಗೆ ಜಿಯೋ ಟ್ಯಾಗ್ ಮಾಡಿದರು. ಅಪಘಾತದ ಚುಕ್ಕೆ ಒಂದು ಕಂಪ್ಯೂಟರಲ್ಲಿದೆ, ಕೇರಿಯ ಚುಕ್ಕೆ ಇನ್ನೊಂದರಲ್ಲಿದೆ. ಒಂದರ ಮೇಲೊಂದು ಇಟ್ಟು ನೋಡೋಕೆ ಒಂದು ಮಧ್ಯಾಹ್ನ ಸಾಕು. ನೋಡೋ ಮನಸ್ಸಿಲ್ಲ ಅಷ್ಟೇ.

ನೋಡಿದವರು ಇದ್ದಾರೆ. ಅಮೆರಿಕದ ಡೆಟ್ರಾಯ್ಟ್‌ನಲ್ಲಿ ಬಿಳಿಯರು ಹೊರವಲಯದ ಶ್ರೀಮಂತ ಬಡಾವಣೆಯಿಂದ ಪೇಟೆಯ ಆಫೀಸಿಗೆ ಹೋಗೋಕೆ ಕಪ್ಪುಜನರ ಕೇರಿಗಳ ನಡುವೆ ಕಾರು ನುಗ್ಗಿಸ್ತಿದ್ದರು. ಮಕ್ಕಳು ಸಾಯ್ತಿದ್ದರು. ಗ್ವೆಂಡಲಿನ್ ವಾರೆನ್ ಅನ್ನೋ ಕಪ್ಪು ಹುಡುಗಿ, ಇನ್ನೂ ಇಪ್ಪತ್ತರ ಆಸುಪಾಸು, ವಿಲಿಯಂ ಬಂಗಿ ಅನ್ನೋ ಭೂಗೋಳ ಶಾಸ್ತ್ರಜ್ಞನ ಜೊತೆ ಸೇರಿ ತಂಡ ಕಟ್ಟಿದಳು. ದಾಖಲೆ ಸುಲಭಕ್ಕೆ ಸಿಗಲಿಲ್ಲ, ಒತ್ತಡ ಹಾಕಿ ತೆಗೆಸಿದರು. 1971ರಲ್ಲಿ ಅಚ್ಚಾದ ಅವರ ನಕ್ಷೆಯಲ್ಲಿ ಇದ್ದದ್ದು ರಸ್ತೆ ಮತ್ತು ಸತ್ತ ಮಕ್ಕಳ ಚುಕ್ಕೆ, ಅಷ್ಟೇ. ಆದರೆ ತಲೆಬರಹ ನೋಡಿ. ಅಪಘಾತಗಳ ನಕ್ಷೆ ಅಂತ ಇಡಲಿಲ್ಲ. ಆಫೀಸಿಗೆ ಹೋಗೋರು ಕಪ್ಪು ಮಕ್ಕಳ ಮೇಲೆ ಗಾಡಿ ಹತ್ತಿಸೋ ಜಾಗಗಳು ಅಂತ ಇಟ್ಟರು. ಆ ಹೆಸರಲ್ಲೇ ಎಲ್ಲಾ ಇತ್ತು: ಯಾರು ಯಾರನ್ನ, ಎಲ್ಲಿ. ಪೊಲೀಸ್ ಸ್ಟೇಷನ್ನಿನಲ್ಲೂ ಚುಕ್ಕೆ ಇದ್ದವು, ಬಾಯಿ ಇರಲಿಲ್ಲ.

ನಮ್ಮ ನೆಲಕ್ಕೂ ಈ ಪಾಠ ಹೊಸದಲ್ಲ. ಚಂದ್ರಗುತ್ತಿಯ ದಾರಿ ನೆನಪಿದೆಯಾ? ವರದಾ ಹೊಳೆಯಲ್ಲಿ ಮುಳುಗಿ ನಮ್ಮ ಹೆಣ್ಣುಮಕ್ಕಳು ಬೆತ್ತಲಾಗಿ ಬೆಟ್ಟದ ತನಕ ನಡೆದ ರಸ್ತೆ ಅದು. 1986ರಲ್ಲಿ ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರು ಆ ದಾರಿಯಲ್ಲಿ ನಿಂತು ಬೇಡ ಅಂದರು. ಅವರ ಮೇಲೆ, ಪೊಲೀಸರ ಮೇಲೆ ಹಲ್ಲೆ ಆಯ್ತು, ಬಟ್ಟೆ ಬಿಚ್ಚಿ ಬೆತ್ತಲೆ ಮಾಡಿದರು. ಆದರೂ ಆ ಸೇವೆ ನಿಲ್ಲಿಸಲೇಬೇಕಾಯ್ತು. ಸೊರಬದ ರಸ್ತೆಯಲ್ಲಿ ಯಾರು ಹೇಗೆ ನಡೀಬೇಕು ಅನ್ನೋದು ನಮಗೆ ಯಾವತ್ತೂ ಬರೀ ಟ್ರಾಫಿಕ್ ಪ್ರಶ್ನೆ ಆಗಿರಲಿಲ್ಲ.

ಸಂವಿಧಾನಕ್ಕೂ ಆಗಿರಲಿಲ್ಲ. 15ನೇ ವಿಧಿಯ 2ನೇ ಕಲಂ ತೆಗೆದು ಓದಿ. ಬಾವಿ, ಕೆರೆ, ಸ್ನಾನಘಟ್ಟದ ಜೊತೆಗೆ ರಸ್ತೆ ಅನ್ನೋ ಪದ ಅಲ್ಲೇ ಇದೆ. ಜಾತಿ ಕಾರಣಕ್ಕೆ ರಸ್ತೆ ಬಳಕೆಗೆ ಅಡ್ಡಿ ಇರಕೂಡದು. ಮಕ್ಕಳು ಜೀವ ಕೈಲಿ ಹಿಡ್ಕೊಂಡು ದಾಟಬೇಕಾದ ರಸ್ತೆ ನಮ್ಮ ಬಳಕೆಗೆ ಇದೆ ಅಂತ ಹೇಗೆ ಹೇಳ್ತೀರಿ?

ದುಡ್ಡಿನ ಮಾತೂ ಆಡಿಬಿಡ್ತೀನಿ. 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆಯಲ್ಲಿ 7ಡಿ ಅಂತ ಒಂದು ಕಿಂಡಿ ಇತ್ತು. ಎಲ್ಲರೂ ಬಳಸೋ ಮೂಲಸೌಕರ್ಯ ಕಾಮಗಾರಿಯ ಒಂದು ಪಾಲನ್ನ ದಲಿತರಿಗೇ ಖರ್ಚಾಯ್ತು ಅಂತ ಭಾವಿಸೋ ಕಿಂಡಿ. ಹೋರಾಟ ಮಾಡಿ 2023ರಲ್ಲಿ ಅದನ್ನ ತೆಗೆಸಿದೆವು. ಅಷ್ಟೂ ವರ್ಷ ಆ ಕಿಂಡಿಯಲ್ಲಿ ನಮ್ಮ ಪಾಲಿನ ಹಣ ಹರಿದುಹೋಯ್ತು, ನಮ್ಮ ಕೇರಿಗೆ ಫುಟ್‌ಪಾತ್ ಬರಲಿಲ್ಲ.

ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಅಧ್ಯಕ್ಷರು ಜಿಲ್ಲಾಧಿಕಾರಿ. ದೌರ್ಜನ್ಯ ತಡೆಯ ಜಾಗೃತಿ ಸಮಿತಿಗೂ ಅವರೇ ಅಧ್ಯಕ್ಷರು. ಒಂದು ಸಭೆಯಲ್ಲಿ ಜಾತಿ ಮಾತಾಡಲ್ಲ, ಇನ್ನೊಂದರಲ್ಲಿ ರಸ್ತೆ ಮಾತಾಡಲ್ಲ. ಈ ಎರಡು ಫೈಲನ್ನ ಒಂದೇ ಮೇಜಿನ ಮೇಲೆ ಇಡಿಸೋದು ನಮ್ಮ ಕೆಲಸ.

ನಮ್ಮ ಹಕ್ಕೊತ್ತಾಯ:

1. ರಸ್ತೆಯಲ್ಲಿ ಸತ್ತವರ, ಗಾಯಗೊಂಡವರ ಸಾಮಾಜಿಕ ವರ್ಗ ಮತ್ತು ವಸತಿ (ಊರು, ಕೇರಿ, ತಾಂಡಾ) ಇ-ಡಾರ್‌ನಲ್ಲಿ ದಾಖಲಾಗಬೇಕು. ಹೆಸರಿಲ್ಲದೆ, ತಾಲ್ಲೂಕುವಾರು ಪ್ರಕಟವಾಗಬೇಕು.

2. ಹೆದ್ದಾರಿ ಅಂಚಿನ ಪ್ರತಿ ಕೇರಿ, ತಾಂಡಾ, ಆಶ್ರಯ ಬಡಾವಣೆ ಮುಂದೆ ಹೆಣ ಎಣಿಸೋಕೆ ಮೊದಲೇ ಸುರಕ್ಷತಾ ತಪಾಸಣೆ ಆಗಬೇಕು. ವೇಗ ತಗ್ಗಿಸೋ ವ್ಯವಸ್ಥೆ, ದೀಪ, ದಾಟುವ ಜಾಗ ಬೇಕು. ರಸ್ತೆ ವಿನ್ಯಾಸದ ತಪ್ಪಿಂದ ಸಾವಾದರೆ ಗುತ್ತಿಗೆದಾರ, ಪ್ರಾಧಿಕಾರಕ್ಕೆ 1 ಲಕ್ಷ ರೂಪಾಯಿ ತನಕ ದಂಡ ಹಾಕೋ 198ಎ ಸೆಕ್ಷನ್ ಮೋಟಾರು ವಾಹನ ಕಾಯ್ದೆಯಲ್ಲಿ 2019ರಿಂದ ಇದೆ. ಅದನ್ನ ಬಳಸಿ.

3. ಊರಿಗೆ ರಸ್ತೆ ಬಂದರೆ ಕೇರಿಗೂ ಬಂತು ಅನ್ನೋ 500 ಮೀಟರ್ ಲೆಕ್ಕ ರದ್ದಾಗಬೇಕು.

4. ಕೂಲಿ ಹೊತ್ತಿಗೆ ಸರ್ಕಾರಿ ಬಸ್ಸು ಬೇಕು. ಕೂಲಿಯವರನ್ನ ಕರೆಸಿಕೊಳ್ಳೋ ಮಾಲೀಕನೇ ಸುರಕ್ಷಿತ ವಾಹನ ಮತ್ತು ವಿಮೆಗೆ ಹೊಣೆಯಾಗಬೇಕು.

5. ನಕ್ಷೆಯಲ್ಲಿ ಪ್ರತಿ ಕೇರಿಗೂ, ತಾಂಡಾಕ್ಕೂ ಅಲ್ಲಿನ ಜನರೇ ಆರಿಸಿದ ಹೆಸರು ಇರಬೇಕು.

ಕೊಡೋ ತನಕ ಕೂತಿರಬೇಕಾ? ಬೇಡ. ಕೆಲಸ ಇದೆ ಅಂದೆನಲ್ಲ, ಇದು. ನಿಮ್ಮ ಕೇರಿಯ ಇಬ್ಬರು ಹುಡುಗರು, ಇಬ್ಬರು ಹುಡುಗಿಯರು ಒಂದು ಭಾನುವಾರ ಹೊರಡಿ. ಓಪನ್ ಸ್ಟ್ರೀಟ್ ಮ್ಯಾಪ್ ಅನ್ನೋ ನಕ್ಷೆಗೆ ಯಾರು ಬೇಕಾದರೂ ಜಾಗ ಸೇರಿಸಬಹುದು, ಕಾಸಿಲ್ಲ. ನೈರೋಬಿಯ ಕಿಬೇರಾ ಕೊಳೆಗೇರಿಯ ಯುವಕರು 2009ರಲ್ಲಿ ಹಾಗೇ ತಮ್ಮ ಕೇರಿಯನ್ನ ನಕ್ಷೆಗೆ ಹತ್ತಿಸಿದರು. ನಿಮ್ಮ ಕೇರಿ, ನೀರಿನ ಟ್ಯಾಂಕು, ಅಂಗನವಾಡಿ, ಸ್ಮಶಾನದ ದಾರಿ, ರಸ್ತೆ ದಾಟೋ ಜಾಗ ಗುರುತು ಹಾಕಿ. ಆಮೇಲೆ ಮನೆ ಮನೆ ಕೇಳಿ: ಹತ್ತು ವರ್ಷದಲ್ಲಿ ಈ ರಸ್ತೆ ಯಾರನ್ನ ತಗೊಂಡು ಹೋಯ್ತು, ಎಲ್ಲಿ, ಏನು ಕೆಲಸಕ್ಕೆ ಹೊರಟಿದ್ದರು, ಪರಿಹಾರ ಬಂತಾ? ಸತ್ತವರ ಹೆಸರು ಫೇಸ್‌ಬುಕ್ಕಿಗೆ ಹಾಕಬೇಡಿ, ಆ ಮನೆಯವರ ನೋವು ಅವರದ್ದು. ಪುಸ್ತಕದಲ್ಲಿ ಬರೆದಿಡಿ. ಠಾಣೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಮೂರು ವರ್ಷದ ಅಪಘಾತ ಪಟ್ಟಿ ಕೇಳಿ. ಎರಡೂ ಪಟ್ಟಿ ಎದುರುಬದುರು ಇಡಿ. ಅರ್ಜಿ ನಮೂನೆ ಬೇಕಾದವರು ಇನ್‌ಬಾಕ್ಸಿಗೆ ಬನ್ನಿ, ಕಳಿಸ್ತೀನಿ.

ಏಪ್ರಿಲ್ 14ಕ್ಕೆ ಮೆರವಣಿಗೆ ಮಾಡ್ತೀವಿ, ಡಿಜೆ ತರಿಸ್ತೀವಿ, ಫ್ಲೆಕ್ಸ್ ಕಟ್ತೀವಿ. ಈ ಸಲ ಫ್ಲೆಕ್ಸಿನ ಪಕ್ಕದಲ್ಲಿ ನಮ್ಮ ನಕ್ಷೆಯೂ ನಿಲ್ಲಲಿ. ಸನ್ಮಾನಕ್ಕೆ ಬರೋ ಶಾಸಕರು, ಅಧಿಕಾರಿಗಳು ಹಾರ ಹಾಕಿಸ್ಕೊಳ್ಳೋ ಮೊದಲು ಅದರ ಮುಂದೆ ಎರಡು ನಿಮಿಷ ನಿಂತು ಓದಲಿ. ಓದಿದ ಮೇಲೂ "ಲಾರಿಗೆ ಜಾತಿ ಗೊತ್ತಾ" ಅಂದರೆ, ಉತ್ತರ ಹೇಳೋಕೆ ಕೇರಿಯ ಜನರೇ ಅಲ್ಲಿರ್ತಾರೆ.

ಶೇರ್ ಮಾಡಿ. ಜೈಭೀಮ್.